ಮೊದಲೇ ಕೇಳಲಾಗಿದೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನಲ್ಲಿ ಸೂರ್ಯ ಮೂಡಬೇಕಾದರೂ ನನ್ನ ಒಪ್ಪಿಗೆ ಬೇಕಿತ್ತು. ರೈತರು, ಕುರಿಗಾರರು ಮೊಬೈಲಿನಲ್ಲಿ ಪ್ರಶ್ನೆ ಹಾಕಿ ಉತ್ತರ ಪಡೆಯುವ 'ಕೇಳೋ ಕಟ್ಟೆ' ಜಾಲತಾಣವನ್ನು ಝಳಕಿಯ ನನ್ನ ಮೊಬೈಲ್ ಅಂಗಡಿಯಲ್ಲಿ ಕುಳಿತು ಕಟ್ಟಿದವನು ನಾನು, ದುಂಡೇಶ. ಬಂದ ಪ್ರಶ್ನೆ ಇಡಬೇಕೋ ಮುಚ್ಚಬೇಕೋ ಎಂದು ನೋಡುವವರು ಇಬ್ಬರೇ. ನಾನು, ಮತ್ತು ಪಶುವೈದ್ಯ ಡಿಪ್ಲೊಮಾ ಓದಿದ ಮೋರಟಗಿಯ ಸುವರ್ಣಾ. ಬಟನ್‌ಗಳ ಮೇಲಿನ ಮಾತೆಲ್ಲ ನನ್ನವು. 'ಮೊದಲೇ ಕೇಳಲಾಗಿದೆ, ಮುಚ್ಚಿ' ಎಂದು ಬರೆದ ದಿನವಂತೂ ನನ್ನ ಬೆನ್ನು ನಾನೇ ತಟ್ಟಿಕೊಂಡು ತೋಳು ಉಳುಕಿಸಿಕೊಂಡಿದ್ದೆ. ಅದನ್ನು ಒತ್ತಿದರೆ ಕೇಳಿದವನಿಗೆ ಹಳೆಯ ಉತ್ತರ ಹೋಗುತ್ತದೆ, ಹೊಸ ಪ್ರಶ್ನೆಗೆ ಬೀಗ ಬೀಳುತ್ತದೆ.

"ಅಣ್ಣಾ, ಆ ಬಟನ್ ಮ್ಯಾಲಿನ ಮಾತು ಬದ್ಲಿ ಮಾಡೂಣು," ಎಂದು ಸುವರ್ಣಾ ಗಂಟುಬಿದ್ದಿದ್ದಳು. "'ಇದೂ ಅದ ಅನ್ನಸ್ತೈತಿ, ಅಲ್ಲಂದ್ರ ಏನ್ ಬ್ಯಾರೆ ಹೇಳ್ರಿ' ಅಂತ ಇರ್ಲಿ."

"ಪುರಾಣ ಬರಿಯಾಕ ಅದೇನ್ ಗುಡಿ ಗ್ವಾಡಿ ಏನವಾ?" ಎಂದು ನಕ್ಕಿದ್ದೆ.

ಅಷ್ಟರಲ್ಲಿ ಅವಳ ಅಪ್ಪ ಧರೆಪ್ಪ ತೀರಿಕೊಂಡ. ಮಾತಾಡಿಸಲು ಮೋರಟಗಿಗೆ ಹೋದೆ. ಸುವರ್ಣಾಳ ಅವ್ವ ಸಾತವ್ವ ಗೋಡೆಗೆ ಒರಗಿ ಕುಳಿತಿದ್ದಳು. ಇಡೀ ಜಿಲ್ಲೆಯೇ ಅಂಗಳದಲ್ಲಿ ಸಾಲುಗಟ್ಟಿತ್ತು ಅನ್ನಿ. ಬಂದವರೆಲ್ಲ ಕೇಳುವುದು ಒಂದೇ: "ಹೆಂಗಾತವ್ವಾ?" ಅವಳು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದಳು. ಚಾ ಕುಡಿದದ್ದು, ಎದೆ ಹಿಡಿದುಕೊಂಡದ್ದು, ಜೀಪು ಬರುವುದರೊಳಗೆ ಕೈ ತಣ್ಣಗಾದದ್ದು. ಓಣಿಯ ಮುದುಕಿಯೊಬ್ಬಳು ಕೇಳಿದಾಗ ಮಾತ್ರ, "ಹಿಂದಿನ ದಿನ ರಟ್ಟಿ ನೋಯ್ತೈತಿ ಅಂದಿದ್ರವ್ವಾ, ಎದಿ ಬ್ಯಾನಿ ಅಂತ ತಿಳೀಲಿಲ್ಲ, ನಾನ ಎಣ್ಣಿ ತಿಕ್ಕಿ ಸುಮ್ಮನಾದ್ನಿ," ಎಂದಳು.

ಸುವರ್ಣಾ ಸೆರಗು ಬಾಯಿಗೊತ್ತಿಕೊಂಡಳು. "ಅವ್ವ ಹೇಳೂದನ್ನ ನಿನ್ನಿಯಿಂದ ಕೇಳಾಕತ್ತೇನಿ ಅಣ್ಣಾ. ಇದನ್ನ ಯಾರಿಗೂ ಹೇಳಿದ್ದಿಲ್ಲ ಅಕಿ."

ಆಗ ಬಂದವನು ಯಂಕಂಚಿಯ ಕುರಿಗಾರ ಧೂಳಪ್ಪ, ಸತ್ತವನ ಗೆಳೆಯ. ಅವನೂ ಕೇಳಿದ, ಸಾತವ್ವ ಅವನಿಗೂ ಹೇಳಿದಳು. ಕಣ್ಣು ಒರೆಸಿಕೊಂಡು, "ನಿನ್ನ ಕುರಿ ಚಲೋ ಅದಾವಿಲ್ಲೋ?" ಎಂದಳು.

"ಎಲ್ಲೀ ಚಲೋ, ವೈನಿ. ಕೆಂಪ ಉಚ್ಚಿ ಹೊಯ್ದು ಬೀಳಾಕತ್ತಾವ. ಆ ಮೊಬೈಲ್ ಕಟ್ಟಿ ಮ್ಯಾಲ ಕೇಳಿದ್ನಿ. ಮೊದ್ಲ ಕೇಳ್ಯಾರ, ಮುಚ್ಚೇವಿ ಅಂದ್ರು. ಉಣ್ಣಿ ಜ್ವರ ಅಂತ ಯಾರಿಗೋ ಹೇಳಿದ್ದ ಉತ್ತರ ಕಳಿಸಿದ್ರು. ಉಣ್ಣಿಗಿ ಔಷಧ ಹೊಡದ್ನಿ. ಏನೂ ಆಗ್ಲಿಲ್ಲ."

ಸುವರ್ಣಾ ಎದ್ದು ಅವನ ಹತ್ತಿರ ಬಂದಳು. ಆ ಬಟನ್ ಒತ್ತಿದ್ದವಳು ಅವಳೇ. "ಎಲ್ಲಿ ಮೇಯಾಕತ್ತಾವ ಕಾಕಾ?"

"ದ್ರಾಕ್ಷಿ ತೋಟದಾಗ. ಕತ್ತರಿಸಿ ಒಗದ ತಪ್ಪಲ ಭಾಳ ಐತಿ."

"ಅದಕ್ಕ ಮೈಲತುತ್ತ ಹೊಡದಿರ್ತಾರ ಕಾಕಾ! ಕುರಿಗಿ ಅದು ವಿಷ. ಬ್ಯಾರೆ ಐತಿ ಅಂತ ಮತ್ತೊಮ್ಮಿ ಯಾಕ ಕೇಳ್ಲಿಲ್ಲ?"

ಧೂಳಪ್ಪ ಅವಳನ್ನೇ ನೋಡಿದ. "ಮುಚ್ಚೇವಿ ಅಂದವರ ಬಾಗಲಾ ಮತ್ತ ಬಡೀಬೇಕೇನವಾ?"

"ಆ ಬಟನ್ ಮಾತು ಬದ್ಲಿ ಮಾಡೂಣು," ಎಂದು ನಾನೇ ಅಂದೆ. ನಾಲ್ಕು ತಾಲೂಕು ಬೆರಗಾಗುವ ಸಂಗತಿ ಅದು.

ಕುರಿಗಳನ್ನು ಅವತ್ತೇ ತೋಟದಿಂದ ಹೊರಗೆ ಹೊಡೆದರು. ಆದರೆ ಆ ವಿಷ ಹೊಟ್ಟೆಗೆ ಹೋಗಿ ಸುಮ್ಮನಿರುವುದಿಲ್ಲ, ಪಿತ್ತಜನಕಾಂಗದಲ್ಲಿ ಕೂತು ಕಾಯುತ್ತದೆ, ವಾರಗಳ ಮೇಲೂ ಕೊಲ್ಲುತ್ತದೆ ಎಂದಳು ಸುವರ್ಣಾ. ಸಂಜೆಯೊಳಗೆ ಬಟನ್ ಮೇಲಿನ ಮಾತು ಬದಲಾಯಿತು. ಅವಳು ಹೇಳಿದಳು, ನಾನು ಬರೆದೆ. ಧೂಳಪ್ಪನ ಪ್ರಶ್ನೆಯ ಬೀಗ ತೆಗೆದೆವು. ಅದರ ಕೆಳಗೆ 'ಏನು ಬೇರೆ, ಹೇಳಿರಿ' ಎಂಬ ಜಾಗ ಇನ್ನೂ ಖಾಲಿ ಇದೆ.

ಅವನು ಬರೆಯುವುದಿಲ್ಲವೆಂದು ಸುವರ್ಣಾ ದಿನಾ ಮುಂಜಾನೆ ಫೋನು ಮಾಡುತ್ತಾಳೆ. "ಇವತ್ತ ಹೆಂಗದಾವು ಕಾಕಾ?" ಒಂದೇ ಪ್ರಶ್ನೆ. ಒಂದು ದಿನ ಟಗರು ಹೋಯಿತು ಎನ್ನುತ್ತಾನೆ, ಇನ್ನೊಂದು ದಿನ ಗಬ್ಬದ ಕುರಿ. ನಿನ್ನೆ ನಾನು ಪಕ್ಕದಲ್ಲೇ ಇದ್ದೆ. ಫೋನಿನಲ್ಲಿ ದಿನಾ ಹಿಂದೆ ಕೇಳುತ್ತಿದ್ದ ಕುರಿಗಳ ಸದ್ದು ಇರಲಿಲ್ಲ.

"ಇನ್ನ ಕೇಳಬ್ಯಾಡವಾ," ಅಂದ.