ರಾಗಿ ಡ್ರಮ್ಮಿನ ಮೇಲಿನ ಭಾರ

ಕದಿರಮ್ಮ ಸತ್ತ ಬೆಳಗ್ಗೆ ಹೋಟೆಲಿನ ಉಗ್ರಾಣದಲ್ಲಿ ರಾಗಿ ಜಾಸ್ತಿಯಾಗಿತ್ತು.

ದೇವನಹಳ್ಳಿಯಿಂದ ಏರ್‌ಪೋರ್ಟಿಗೆ ಹೋಗುವ ರಸ್ತೆಯಲ್ಲಿ ಆ ಹೋಟೆಲು. ವಿಮಾನ ಹತ್ತುವವರಿಗೆ ಮುದ್ದೆಯ ಮೇಲೆ ಯಾವಾಗ ಪ್ರೀತಿ ಹುಟ್ಟಿತೋ ದೇವರೇ ಬಲ್ಲ, ರಾಗಿ ನೀರಿನ ಹಾಗೆ ಖರ್ಚಾಗುತ್ತಿತ್ತು. ಅದಕ್ಕೇ ಮ್ಯಾನೇಜರ್ ದೇವರಾಜ್ ಉಗ್ರಾಣದ ಒಂದೊಂದು ಡ್ರಮ್ಮಿನ ಕೆಳಗೂ ಸೆನ್ಸರ್ ಇರುವ ತೂಕದ ಹಲಗೆ ಹಾಕಿಸಿದ್ದ. ಯಾರಾದರೂ ಬೊಗಸೆ ರಾಗಿ ತೆಗೆದರೂ ಸ್ಟೋರ್ ನೋಡಿಕೊಳ್ಳುವ ಯಶಸ್ವಿನಿಯ ಫೋನಿನಲ್ಲಿ ಅಂಕಿ ಇಳಿಯುತ್ತಿತ್ತು. ಮೂಟೆ ಸುರಿದರೆ ಅಂಕಿ ಏರಿ, "ಸರಕು ಬಂದಿದೆಯೇ?" ಎಂದು ಫೋನು ಕೇಳುತ್ತಿತ್ತು. ಹೌದು ಅಂತ ಒತ್ತಿದರೆ ಲೆಕ್ಕಕ್ಕೆ ಸೇರಿದ ಹಾಗೆ.

ಯಶಸ್ವಿನಿಯ ತಾಯಿ ಕದಿರಮ್ಮ ಅದೇ ಉಗ್ರಾಣದಲ್ಲಿ ಕಾಳು ಕೇರುವ ಕೆಲಸಕ್ಕಿದ್ದಳು. ಎಲ್ಲರಿಗಿಂತ ಮುಂಚೆ ಬಂದು, ಮೊರ ಮುಟ್ಟುವ ಮೊದಲು ಡ್ರಮ್ಮಿನಿಂದ ಒಂದು ಬೊಗಸೆ ರಾಗಿ ತೆಗೆದು ಕಣ್ಣಿಗೊತ್ತಿಕೊಂಡು ವಾಪಸ್ ಹಾಕುತ್ತಿದ್ದಳು. ಅವಳ ಅತ್ತೆ ಕಣದಲ್ಲಿ ಮಾಡುತ್ತಿದ್ದದ್ದು ಅದು. ಕಣ ಹೋದರೂ ಇವಳು ಬಿಟ್ಟಿರಲಿಲ್ಲ. ಮನೆಯಲ್ಲಿ ಮಗಳಿಗೆ ಜಡೆ ಹೆಣೆಯುತ್ತಾ ಯಶಸ್ವಿನಿ ಫೋನು ನೋಡುವಳು. ರಾಗಿಯ ಅಂಕಿ ಚೂರು ಇಳಿದು ಮತ್ತೆ ಏರಿತೆಂದರೆ ಅಮ್ಮ ಕ್ಷೇಮವಾಗಿ ಕೆಲಸಕ್ಕೆ ತಲುಪಿದಳು ಅಂತ ಅರ್ಥ.

"ಸುಮ್ನೆ ಕೈ ಮುಗಿದ್ರೆ ಸಾಲ್ದೇನಮ್ಮ? ತೆಗೆಯೋದ್ಯಾಕೆ, ಹಾಕೋದ್ಯಾಕೆ?" ಎಂದು ಒಮ್ಮೆ ರೇಗಿಸಿದ್ದಳು.

"ಕಣ್ಗೊತ್ಕೊಂಡಿದ್ದನ್ನ ವಾಪಸ್ ಹಾಕ್ಲೇಬೇಕು ಕಣಮ್ಮಿ," ಅಂದಿದ್ದಳು ಕದಿರಮ್ಮ. "ಇಲ್ದಿದ್ರೆ ರಾಗಿ ಕಾಯ್ತಾ ಕೂತಿರ್ತದೆ. ತಗೊಂಡೋರ್ನೂ ಹೋಗಕ್ ಬಿಡಲ್ಲ."

ಆವತ್ತು ಅಂಕಿ ಬೊಗಸೆಯಷ್ಟು ಇಳಿಯಿತು. ಏರಲಿಲ್ಲ. ಯಶಸ್ವಿನಿ ಮಗಳ ಜಡೆಗೆ ರಿಬ್ಬನ್ನು ಕಟ್ಟುವಷ್ಟರಲ್ಲಿ ಒಂದೇ ಸಲಕ್ಕೆ ಮೇಲಕ್ಕೆ ಹಾರಿತು, ಒಂದು ಮೂಟೆಗೆ ಸ್ವಲ್ಪ ಕಮ್ಮಿ. ರಾಗಿ ಕೊಡುವ ಲಕ್ಷ್ಮಯ್ಯ ಲೋಡು ಕಳಿಸುತ್ತೇನೆ ಅಂದಿದ್ದ. "ತೂಕದಲ್ಲಿ ಹೊಡ್ದವ್ನೆ ನೋಡು," ಎಂದು ಗೊಣಗಿಕೊಂಡು ಅವಳು ಹೌದು ಒತ್ತಿದಳು.

ಬಂದದ್ದು ಮೂಟೆಯಲ್ಲ. ಎದೆ ನೋವು ಬಂದು ಡ್ರಮ್ಮಿನ ಮೇಲೆ ಬೋರಲು ಬಿದ್ದಿದ್ದ ಅವಳ ಅಮ್ಮ. ಅಡುಗೆಯವರು ಬಂದು ನೋಡುವಷ್ಟರಲ್ಲಿ ಬಹಳ ಹೊತ್ತಾಗಿತ್ತು. "ಸ್ವಲ್ಪ ಬೇಗ ತಂದಿದ್ರೆ ನೋಡ್ಬಹುದಿತ್ತು," ಅಂದರು ಡಾಕ್ಟರು. ಆ ಮಾತು ಯಶಸ್ವಿನಿಯ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತು. ಅಮ್ಮನ ಕೈಯಿಂದ ನೆಲಕ್ಕೆ ಚೆಲ್ಲಿದ್ದ ರಾಗಿಯನ್ನು ಗುಡಿಸಲು ಅವಳು ಯಾರಿಗೂ ಬಿಡಲಿಲ್ಲ. ತಾನೇ ಬಳಿದು, ದುಪಟ್ಟಾದ ತುದಿಗೆ ಗಂಟು ಕಟ್ಟಿಕೊಂಡು ಮನೆಗೆ ತಂದಳು.

ತಿಥಿ ಮುಗಿದ ಮೇಲೆ ಮತ್ತೆ ಕೆಲಸಕ್ಕೆ ಹೊರಟ ಬೆಳಗ್ಗೆ, ಜಡೆ ಹೆಣೆಯುವ ಹೊತ್ತಿಗೆ, ಫೋನು ಕಿಣಿ ಅಂದಿತು. ರಾಗಿ ಹೆಚ್ಚಾಗಿದೆ, ಒಂದು ಮೂಟೆಗೆ ಸ್ವಲ್ಪ ಕಮ್ಮಿ. ಸರಕು ಬಂದಿದೆಯೇ?

ಯಶಸ್ವಿನಿ ಜಡೆ ಬಿಟ್ಟು ಬ್ಯಾಗು ತಡಕಿದಳು. ಅಮ್ಮನ ಹತ್ತಿರ ಇರುತ್ತಿದ್ದ ಉಗ್ರಾಣದ ಬೀಗದ ಕೈ ಈಗ ಅದರಲ್ಲೇ ಇತ್ತು. ಇಲ್ಲ ಅಂತ ಒತ್ತಿದಳು. ಮರುದಿನ ಅದೇ ಹೊತ್ತಿಗೆ ಅದೇ ಭಾರ, ಅದೇ ಪ್ರಶ್ನೆ. ಹೌದು ಒತ್ತಿದರೂ ಬಂತು, ಒತ್ತದಿದ್ದರೂ ಬಂತು. ಅವಳು ಹೋಗಿ ಬಾಗಿಲು ತೆಗೆಯುವಷ್ಟರಲ್ಲಿ ಅಂಕಿ ಇಳಿದು ಏನೂ ಆಗಿಲ್ಲದಂತೆ ಇರುತ್ತಿತ್ತು. ಬಾಶೆಟ್ಟಿಹಳ್ಳಿಯಿಂದ ಬಂದ ಮೆಕ್ಯಾನಿಕ್ಕು ಹಲಗೆಯನ್ನೇ ಬದಲಾಯಿಸಿ, ಇಲಿ ಇರಬೇಕು ಎಂದು ಹೇಳಿ ಹೋದ. ಅಷ್ಟು ತೂಕದ ಇಲಿಯನ್ನು ಅವನು ಎಲ್ಲಿ ನೋಡಿದ್ದನೋ!

"ಇಲ್ದಿರೋ ರಾಗಿಗೆ ಹೆಡ್ಡಾಫೀಸಿಗೆ ಏನಂತ ಹೇಳ್ಲಮ್ಮ?" ಅಂದ ದೇವರಾಜ್. ಅವನೂ ಈಚೆಗೆ ಬೆಳಗ್ಗೆ ಒಬ್ಬನೇ ಉಗ್ರಾಣಕ್ಕೆ ಕಾಲಿಡುತ್ತಿರಲಿಲ್ಲ. "ನಾಳೆ ಆ ಡ್ರಮ್ಮು ಎತ್ತಿಸ್ಬಿಡ್ತೀನಿ. ಇನ್ಮೇಲೆ ಪ್ಯಾಕೆಟ್ ಹಿಟ್ಟು."

ಯಶಸ್ವಿನಿಗೆ ಹೆದರಿಕೆಯಿತ್ತು, ನಿಜ. ಆದರೆ ಆ ಕಿಣಿ ಸದ್ದಿಗೆ ಅವಳು ಕಾಯಲು ಶುರುಮಾಡಿದ್ದಳು ಅನ್ನುವುದೂ ನಿಜವೇ. ಅಮ್ಮ ಇದ್ದಾಳೆ ಅನ್ನಿಸುತ್ತಿತ್ತು. ಮರುಕ್ಷಣವೇ, ಎಲ್ಲಿದ್ದಾಳೆ, ಆ ಡ್ರಮ್ಮಿನ ಮೇಲೆ ದಿನವೂ ಬೀಳುತ್ತಾ, ದಿನವೂ ನನ್ನನ್ನು ಕರೆಯುತ್ತಾ ಇದ್ದಾಳೆ ಅನ್ನಿಸುತ್ತಿತ್ತು. ಡ್ರಮ್ಮನ್ನು ಗುಜರಿಗೆ ಹಾಕಿದರೆ ಅಮ್ಮ ಎಲ್ಲಿಗೆ ಹೋಗಬೇಕು?

ಮರುದಿನ ಮಗಳ ಜಡೆಯನ್ನು ಗಂಡನಿಗೆ ಒಪ್ಪಿಸಿ, ರಾಗಿಯ ಗಂಟು ತೆಗೆದುಕೊಂಡು ಅವಳು ಮುಂಚೆಯೇ ಹೋದಳು. ಉಗ್ರಾಣದೊಳಗೆ ಯಾರೂ ಇರಲಿಲ್ಲ. ಮೊರ ಗೋಡೆಗೆ ಒರಗಿಕೊಂಡಿತ್ತು. ಅವಳು ಡ್ರಮ್ಮಿನ ಪಕ್ಕ ನಿಂತು ಫೋನು ಹಿಡಿದು ಕಾದಳು.

ಹಲಗೆ ಕಿರ್ ಅಂದಿತು. ಅಂಕಿ ಏರಿತು. ಸರಕು ಬಂದಿದೆಯೇ?

ಅವಳು ಏನನ್ನೂ ಒತ್ತಲಿಲ್ಲ. ಫೋನನ್ನು ಕೆಳಗಿಟ್ಟಳು.

"ಬಂದೆ ಕಣಮ್ಮ," ಅಂದಳು. "ತಡ ಮಾಡ್ಬಿಟ್ಟೆ."

ಗಂಟು ಬಿಚ್ಚಿ ಬೊಗಸೆಗೆ ಸುರಿದುಕೊಂಡು ಕಣ್ಣಿಗೊತ್ತಿಕೊಂಡಳು. ರಾಗಿಯ ಜೊತೆ ನೆಲದ ಧೂಳೂ ಇತ್ತು. ಇದನ್ನು ಹಾಕಿಬಿಟ್ಟರೆ ನಾಳೆ ಫೋನು ಕೂಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬೆರಳುಗಳು ಸಡಿಲವಾಗಲು ಒಪ್ಪಲೇ ಇಲ್ಲ. ಹಾಗೇ ಸ್ವಲ್ಪ ಹೊತ್ತು ಅಮ್ಮನ ರಾಗಿ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಅದನ್ನು ಡ್ರಮ್ಮಿನೊಳಗೆ ಸುರಿದುಬಿಟ್ಟಳು.

ಕೆಳಗಿಟ್ಟ ಫೋನಿನಲ್ಲಿ ಅಂಕಿ ಒಮ್ಮೆಗೇ ಇಳಿಯಲಿಲ್ಲ. ಮಂಡಿ ನೋವಿನವರು ಏಳುವ ಹಾಗೆ ಚೂರು ಇಳಿದು, ನಿಂತು, ಮತ್ತೆ ಚೂರು ಇಳಿಯಿತು. ಕದಿರಮ್ಮ ಯಾವಾಗಲೂ ಹಾಗೇ ಏಳುತ್ತಿದ್ದದ್ದು. ಕೊನೆಗೆ ಡ್ರಮ್ಮಿನಲ್ಲಿ ರಾಗಿ ಮಾತ್ರ ಉಳಿಯಿತು.

ದೇವರಾಜ್ ಬಾಗಿಲಾಚೆಯಿಂದಲೇ ಕೇಳಿದ, "ಏನಮ್ಮ, ಇವತ್ತೂ ಬಂತಾ?"

"ಇನ್ ಬರಲ್ಲ ಸಾರ್. ಡ್ರಮ್ಮು ಎತ್ತಿಸ್ಬಹುದು," ಅಂದಳು.

ಅದರ ಮರುದಿನ ಯಶಸ್ವಿನಿ ಜಡೆ ಹೆಣೆದು ಮುಗಿಸಿದಳು, ರಿಬ್ಬನ್ನೂ ಕಟ್ಟಿದಳು. ಫೋನು ಸುಮ್ಮನಿತ್ತು. ಕಟ್ಟಿದ್ದನ್ನು ಬಿಚ್ಚಿ ಮತ್ತೊಮ್ಮೆ ಹೆಣೆಯಲು ಶುರುಮಾಡಿದಳು.

"ಅಮ್ಮಾ, ಸ್ಕೂಲ್ ಬಸ್ ಹೋಗುತ್ತೆ," ಅಂತು ಮಗು.

ಆಗ ಅವಳಿಗೆ ಅಳು ಬಂತು. ಸಾವಿನ ದಿನವೂ, ಮಣ್ಣು ಹಾಕಿದಾಗಲೂ ಬಾರದ ಅಳು.