ಗವಿಯಿಂದ ಬಂದ ಹತ್ತಿ

ಮೊಮ್ಮಗು ಹುಟ್ಟಿದರೆ ಲಕ್ಷಬತ್ತಿ ಬೆಳಗುತ್ತೇನೆಂದು ನಮ್ಮ ಅತ್ತೆ ಶ್ರೀರಂಗಮ್ಮ ನರಸಿಂಹಸ್ವಾಮಿಗೆ ಹರಕೆ ಹೊತ್ತಿದ್ದರು. ಹೆರಬೇಕಾದವಳು ನಾನು, ಹರಕೆ ಅವರದ್ದು. ಸೊಸೆಯನ್ನು ಒಂದು ಮಾತು ಕೇಳುವ ಪದ್ಧತಿ ಹಳ್ಳಿಮೈಸೂರಿನ ನಮ್ಮ ಅರ್ಚಕರ ಮನೆಯಲ್ಲಿ ಇರಲಿಲ್ಲ. ಮದುವೆಯಾಗಿ ಬಹಳ ವರ್ಷಗಳ ಮೇಲೆ, ತೊಂಬತ್ತೇಳನೇ ಇಸವಿಯಲ್ಲಿ, ನನ್ನ ಮಗಳು ಶ್ರೀಗೌರಿ ಹುಟ್ಟಿದಳು. ಅವತ್ತಿನಿಂದ ಅತ್ತೆ ತೊಟ್ಟಿಲ ಪಕ್ಕದಲ್ಲೇ ಕೂತು ಹತ್ತಿ ಬಿಡಿಸಿ ಬತ್ತಿ ಹೊಸೆಯತೊಡಗಿದರು. ಲಕ್ಷ ಬತ್ತಿ ಅಂದರೆ ಆಟವೇ? ಬೆರಳ ಗಂಟು ಊದಿಕೊಂಡರೂ ಬೇರೆಯವರ ಕೈ ತಾಗಿಸಲು ಬಿಡುತ್ತಿರಲಿಲ್ಲ.

ಪಕ್ಕದ ಹಳ್ಳಿಯಿಂದ ಹಾಲು ತರುವ ಜಯಲಕ್ಷ್ಮಮ್ಮ ಒಂದು ದಿನ ಸೆರಗಿನಲ್ಲಿ ಕಲ್ಲೊಂದನ್ನು ಕಟ್ಟಿಕೊಂಡು ಬಂದಳು.

"ಅಮ್ಮಾರೆ, ನಮ್ಮೊಲದ ಗುಡ್ಡದ ಗವೀಲಿ ಸಿಕ್ತು ನೋಡಿ. ಕಲ್ಲೊಳ್ಗೆ ಅತ್ತಿ ಬೆಳ್ದದೆ."

ಹಸಿರು ಛಾಯೆಯ ಕಲ್ಲು. ಅದರ ಸೀಳಿನಲ್ಲಿ ಹೊಳೆಯುವ ಬಿಳಿ ಎಳೆಗಳು. ಅತ್ತೆ ನಾಲ್ಕು ಎಳೆ ಕಿತ್ತು ಹೊಸೆದು, ಎಣ್ಣೆಯಲ್ಲಿ ಅದ್ದಿ ಹಚ್ಚಿದರು. ದೀಪ ಚೆನ್ನಾಗಿಯೇ ಉರಿಯಿತು. ಎಣ್ಣೆ ಮುಗಿದು ಆರಿದ ಮೇಲೆ ನೋಡಿದರೆ ಬತ್ತಿ ಸುಡದೆ ಹಾಗೇ ಇತ್ತು. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು ಕೈಮುಗಿದರು. "ಹೊಸೆದದ್ದನ್ನೇ ಮತ್ತೆ ಮತ್ತೆ ಹಚ್ಚಬಹುದು. ನನ್ನ ಬೆರಳು ನೋಯೋದು ನೋಡಲಾರದೆ ಸ್ವಾಮಿನೇ ಕಳಿಸಿದ್ದಾನೆ," ಎಂದರು. ಮಾರನೆಯ ದಿನ ಜಯಲಕ್ಷ್ಮಮ್ಮ ಒಂದು ಮಂಕರಿ ತುಂಬ ಅದೇ ಕಲ್ಲು ತಂದು ಸುರಿದಳು.

ಅತ್ತೆ ಕಲ್ಲು ಜಜ್ಜಿ ಎಳೆ ಬಿಡಿಸುವಾಗ ಸಣ್ಣ ಧೂಳು ಬಿಸಿಲಿನಲ್ಲಿ ತೇಲಾಡಿ ತೊಟ್ಟಿಲೊಳಕ್ಕೆ ಇಳಿಯುತ್ತಿತ್ತು. ಅಡುಗೆಮನೆಯಿಂದ ಬಂದು ಅದನ್ನು ಕಂಡವಳೇ ಮಗುವನ್ನು ತೊಟ್ಟಿಲಿಂದ ಎತ್ತಿಕೊಂಡೆ. ಮದುವೆಗೆ ಮುಂಚೆ ನಾನು ಹಾಸನದ ಕಾಲೇಜಿನಲ್ಲಿ ಭೂವಿಜ್ಞಾನ ಓದಿದ್ದೆ. ದಾರದ ಹಾಗೆ ಬಳುಕುವ, ಬೆಂಕಿಗೆ ಜಗ್ಗದ ಕಲ್ಲು ಯಾವುದಿರಬಹುದೆಂದು ಹೊಳೆಯಿತು. ಆದರೆ ದೇವರು ಕಳಿಸಿದ್ದು ಎಂದು ಕಣ್ಣಿಗೊತ್ತಿಕೊಂಡವರ ಮುಂದೆ ಬರೀ ಅನುಮಾನ ಇಟ್ಟುಕೊಂಡು ನಿಲ್ಲುವುದು ಹೇಗೆ? ಮಗುವಿಗೆ ಬಟ್ಟೆ ತರಬೇಕೆಂದು ನೆಪ ಹೇಳಿ, ಅವಳನ್ನೂ ಎತ್ತಿಕೊಂಡು, ಒಂದು ಚೂರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಾಸನದ ಬಸ್ಸು ಹತ್ತಿದೆ.

ನನ್ನ ಹಳೆಯ ಅಧ್ಯಾಪಕಿ ನೀಲಾಂಬಿಕೆ ಮೇಡಂ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಲೆ ಎತ್ತಿದರು.

"ನೀನು ಅಂದುಕೊಂಡಿದ್ದೇ ಸರಿ ಮೈತ್ರೇಯಿ. ಕಲ್ನಾರು. ಆಸ್ಬೆಸ್ಟಾಸ್ ಶೀಟಿಗೆ ಹಾಕ್ತಾರಲ್ಲ, ಅದೇ. ಇದರ ಧೂಳು ಶ್ವಾಸಕೋಶಕ್ಕೆ ಸೇರಿದ್ರೆ ಹೊರಗೆ ಬರೋದು ಕಷ್ಟ. ಒಂದೆರಡು ದಿನದ್ದಕ್ಕೆ ಗಾಬರಿ ಬೇಡ, ಆದ್ರೆ ಇವತ್ತೇ ನಿಲ್ಲಿಸು. ಚೆನ್ನಾಗಿ ನೆನೆಸಿ, ಚೀಲದಲ್ಲಿ ಕಟ್ಟಿ ಹೂತುಬಿಡಿ."

ವಾಪಸು ಬರುವಾಗ ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡೆ. ಮನೆಗೆ ಬಂದು ನಿಂತಲ್ಲೇ ಎಲ್ಲ ಹೇಳಿದೆ. ಅತ್ತೆ ಕೇಳಿದ್ದು ಒಂದೇ.

"ಮಗೂಗೆ ಏನಾಗುತ್ತೆ?"

"ಇಲ್ಲಿಗೆ ನಿಲ್ಲಿಸಿದ್ರೆ ಭಯ ಇಲ್ಲ ಅಂದ್ರು ಅಮ್ಮ."

ಅವರು ಎದ್ದು ಹೋಗಿ ಒಂದು ಬಿಂದಿಗೆ ನೀರು ತಂದು ಮಂಕರಿಯ ಮೇಲೆ ಸುರಿದರು. ನಾನು ಜೋಡಿಸಿಕೊಂಡಿದ್ದ ಮಾತೊಂದೂ ಬೇಕಾಗಲಿಲ್ಲ. ಅಷ್ಟು ಹಟದ ಹೆಂಗಸು ನನ್ನ ಒಂದು ಮಾತಿಗೆ ಸ್ವಾಮಿಯ ಕಾಣಿಕೆಯನ್ನೇ ಬಿಟ್ಟರಲ್ಲ ಎಂದು ಮನಸ್ಸು ತುಂಬಿ ಬಂತು. ಆ ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳಲು ಅವರು ಬಿಡಬೇಕಲ್ಲ.

"ಜಯಲಕ್ಷ್ಮಮ್ಮನ ಮನೇಲೂ ಮಕ್ಕಳಿದಾವೆ, ನಡಿ," ಎಂದು ಮಗುವನ್ನು ನನ್ನ ಗಂಡನ ಕೈಗೆ ಕೊಟ್ಟು ಆ ಬಿಸಿಲಲ್ಲೇ ಹೊರಟರು.

ಅಲ್ಲಿ ಜಯಲಕ್ಷ್ಮಮ್ಮ ತಾನೂ ಹೊಸೆದು ಹಚ್ಚಿದ್ದ ಸುಡದ ಬತ್ತಿ ನೋಡಲು ಆ ಊರ ಹೆಂಗಸರೆಲ್ಲ ಸೇರಿದ್ದರು. ಅವರ ಮುಂದೆ ಅತ್ತೆ, "ತಿಳೀದೆ ಮೊದಲು ಹಚ್ಚಿದವಳು ನಾನು. ಯಾರೂ ಮುಟ್ಟಬೇಡಿ. ಮಕ್ಕಳು ಹೋಗದ ಹಾಗೆ ಗವಿ ಬಾಯಿಗೆ ಮುಳ್ಳು ಹಾಕಿ," ಎಂದರು.

ಜಯಲಕ್ಷ್ಮಮ್ಮನ ಮುಖ ಬಾಡಿತು. "ಅಂಗಾರೆ ಇದು ದ್ಯಾವ್ರು ಕೊಟ್ಟಿದ್ದಲ್ವಾ ಅಮ್ಮಾರೆ?"

ಅತ್ತೆ ನನ್ನ ಕೈ ಹಿಡಿದುಕೊಂಡರು.

"ಅವನೇ ಕೊಟ್ಟಿದ್ದು. ಇದೇನು ಅಂತ ಗೊತ್ತಿರೋಳನ್ನೂ ಮೊದಲೇ ನಮ್ಮನೆಗೆ ಕೊಟ್ಟಿದ್ದ. ನಾನು ಅವಳನ್ನ ಒಲೆ ಮುಂದೆ ಕೂರಿಸಿದ್ದೆ."