ಸೊಸೆಯ ಪಿಸ್ತೂಲಿಗೆ ಅತ್ತೆಯ ಕೈ

ಬಿಂದು ಆ ನೀಲಿ ಪಿಸ್ತೂಲನ್ನು ಊಟದ ಮೇಜಿನ ಮೇಲೆ ಇಟ್ಟ ಕೂಡಲೇ ಸುಮಿತ್ರಮ್ಮ ಸಾರಿನ ಪಾತ್ರೆಯನ್ನು ಎರಡು ಗೇಣು ಆಚೆ ಸರಿಸಿದರು.

"ಪ್ಲಾಸ್ಟಿಕ್ಕು ಅತ್ತೆ. ಗುಂಡೂ ಇಲ್ಲ, ಗಿಂಡೂ ಇಲ್ಲ. ಪ್ರಾಕ್ಟೀಸಿಗೆ ಕೊಟ್ಟಿದಾರೆ."

"ಇರಲಿ. ಸಾರು ಬಿಸಿ ಇದೆ, ಅದಕ್ಕೆ ಸರಿಸ್ದೆ."

ಸುಮಿತ್ರಮ್ಮ ದಾವಣಗೆರೆಯಿಂದ ಮದುವೆಯಾಗಿ ತಮಿಳು ಸೀಮೆಯ ವೆಸ್ಟ್ ಮಾಂಬಲಂಗೆ ಬಂದು ಮೂವತ್ತೈದು ವರ್ಷವಾಗಿತ್ತು. ಮಗ ಶಿವರಂಜನ್ ಬೆಳಿಗ್ಗೆ ಏಳಕ್ಕೆಲ್ಲ ಶೋಳಿಂಗನಲ್ಲೂರಿನ ಆಫೀಸಿನ ಕ್ಯಾಬ್ ಹತ್ತುತ್ತಿದ್ದ. ಸೊಸೆ ಬಿಂದು ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಗುರಿ ಹೊಡೆಯುವುದರಲ್ಲಿ ಪದಕ ಗೆದ್ದವಳು. ಈಗ ಮಾಧವರಂನ ಒಂದು ಭದ್ರತಾ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದಳು. ಅದು ಮುಗಿದರೆ, ಬೆದರಿಕೆ ಪತ್ರಗಳು ಬರುತ್ತಿದ್ದ ಒಬ್ಬ ಡಾಕ್ಟರಮ್ಮನಿಗೆ ಅಂಗರಕ್ಷಕಿಯ ಕೆಲಸ. ಗುರಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಮೈಮೇಲೆ ಬಿದ್ದವನಿಂದ ಪಿಸ್ತೂಲು ಉಳಿಸಿಕೊಳ್ಳುವ ಪರೀಕ್ಷೆಯಲ್ಲಿ ಎರಡು ಸಲ ಸೋತಿದ್ದಳು. ಇನ್ನೊಂದೇ ಅವಕಾಶ, ಅದೂ ಹತ್ತು ದಿನದಲ್ಲಿ.

"ನಮ್ಮ ಬ್ಯಾಚಲ್ಲೇ ತಿರುಮಲ ಅಂತ ಒಬ್ಬ ಇದಾನೆ ಅತ್ತೆ, ಆರಡಿ ಆಳು. ಎರಡು ಸಲಾನೂ ಅವನೇ ಕಿತ್ಕೊಂಡ. ಮನೇಲಿ ಯಾರಾದ್ರೂ ಹೇಳದೆ ಕೇಳದೆ ಕೈ ಹಾಕಿದ್ರೆ ನಂಗೆ ರೂಢಿ ಆಗತ್ತೆ. ನಿಮ್ಮ ಮಗನಿಗೆ ಹೇಳಿದ್ರೆ, 'ಈಗ ಹಿಡ್ಕೊಳ್ಳಲಾ' ಅಂತ ಕೇಳಿ ಹಿಡ್ಕೊಳ್ತಾರೆ."

ಮರುದಿನ ಬೆಳಿಗ್ಗೆ ಸೊಂಟಕ್ಕೆ ಒರೆ ಕಟ್ಟಿಕೊಂಡು ಬಿಂದು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ, ಸುಮಿತ್ರಮ್ಮ ಹಿಂದಿನಿಂದ ಬಂದು ಪಿಸ್ತೂಲನ್ನು ಎಳೆದರು. ಅದು ಸಲೀಸಾಗಿ ಕೈಗೆ ಬಂತು. ಒದ್ದೆ ಸೀರೆ ಹಿಡಿದು ನಿಂತ ಸೊಸೆಯ ಮುಖ ನೋಡಿ ಅವರಿಗೆ ಪಾಪ ಅನ್ನಿಸಿತು. ಜೊತೆಗೆ, ಒಪ್ಪಿಕೊಳ್ಳಲು ನಾಚಿಕೆಯಾದರೂ, ಬಲು ಖುಷಿಯೂ ಆಯಿತು.

ಅಲ್ಲಿಂದ ಅವರಿಗೆ ಅದೇ ಹುರುಪು. ಹಾಲು ಉಕ್ಕುವಾಗ ಕೈ ಹಾಕಿದರು, ಲಿಫ್ಟಿನಲ್ಲಿ ಹಾಕಿದರು, ಬಿಂದು ಚಪ್ಪಲಿ ಬಿಡುವಾಗ ಹಾಕಿದರು. ಮೂರನೆಯ ದಿನಕ್ಕೆ ಸೊಸೆಯ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು. ಪಿಸ್ತೂಲು ಹಿಡಿದು ಕೋಣೆಯಿಂದ ಕೋಣೆಗೆ ಹೋಗುವ ಅಭ್ಯಾಸ ಮಾಡುವಾಗ ಬಿಂದು ಎರಡೂ ತೋಳು ನೀಳವಾಗಿ ಚಾಚುತ್ತಿದ್ದಳು.

"ಬಾಗಿಲಲ್ಲಿ ನಿನಗಿಂತ ಮುಂಚೆ ನಿನ್ನ ಪಿಸ್ತೂಲು ಬರ್ತದೆ ಕಣೆ. ನಾನು ಗೋಡೆ ಪಕ್ಕ ನಿಂತು ಸುಮ್ನೆ ಇಸ್ಕೊಳ್ತೀನಿ. ಎದೆ ಹತ್ರ ಇಟ್ಕೋ, ತುಂಬಿದ ಬಿಂದಿಗೆ ಹಿಡ್ಕೊಂಡಂಗೆ."

ಬಿಂದು ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಪಿಸ್ತೂಲನ್ನು ಎದೆಯ ಮುಂದೆ ತಂದಳು. ನಳಿಗೆ ಮುಂದಿನ ನೆಲದ ಕಡೆ, ಬೆರಳು ಟ್ರಿಗರಿನ ಹೊರಗೆ ನೆಟ್ಟಗೆ. ಸುಮಿತ್ರಮ್ಮ ಕೈ ಹಾಕಿದರು. ಹಿಡಿಯುವುದಕ್ಕೆ ಏನೂ ಸಿಗಲಿಲ್ಲ.

"ಇನ್ನು ಒರೆಯಲ್ಲಿದ್ದಾಗ. ನಾನು ಎಳೆದ್ರೆ ನೀನೂ ಎಳೀತೀಯ. ಬಲ ಇರೋನ ಜೊತೆ ಎಳೆದಾಡಿ ಗೆಲ್ಲಕ್ಕಾಗತ್ತಾ? ದೀಪಾವಳಿ ಟೈಮಲ್ಲಿ ಟಿ. ನಗರದ ನೂಕುನುಗ್ಗಲಲ್ಲಿ ನನ್ನ ಬ್ಯಾಗಿಗೆ ಎಷ್ಟು ಜನ ಕೈ ಹಾಕಿಲ್ಲ. ಅವನ ಕೈ ಮೇಲೇ ನಿನ್ನ ಕೈ ಇಟ್ಟು ಸೊಂಟಕ್ಕೆ ಒತ್ತು. ಸ್ವಲ್ಪ ಮಂಡಿ ಬಗ್ಸಿ ನಿಲ್ಲು. ಆಮೇಲೆ ಸೊಂಟ ತಿರುಗ್ಸು. ಅವನೇ ಬಿಡ್ತಾನೆ."

ಬಿಂದು ನಕ್ಕಳು. "ನಮ್ಮ ಮಾಸ್ಟರೂ ಇದನ್ನೇ ಹೇಳ್ತಾರೆ ಅತ್ತೆ. ಇಂಗ್ಲಿಷಲ್ಲಿ ಹೇಳ್ತಾರೆ, ಅಷ್ಟೇ."

ಆರನೆಯ ದಿನ ಸುಮಿತ್ರಮ್ಮ ಒರೆಗೆ ಕೈ ಹಾಕಿದವರು ಒಂದು ಸುತ್ತು ತಿರುಗಿ ಸೋಫಾದ ಮೇಲೆ ದೊಪ್ಪನೆ ಕೂತರು.

"ಅಯ್ಯೋ ಅತ್ತೆ, ನೋವಾಯ್ತಾ?" ಎಂದು ಬಿಂದು ಬಗ್ಗಿದಳು. ಸುಮಿತ್ರಮ್ಮ ಕೂತಲ್ಲಿಂದಲೇ ಪಿಸ್ತೂಲು ಕಿತ್ತುಕೊಂಡರು.

"ನೋವು ಕೇಳೋದು ಆಮೇಲೆ. ಮೊದಲು ಎರಡು ಹೆಜ್ಜೆ ಹಿಂದಕ್ಕೆ ಹೋಗು."

ಬಿಂದು ಕಾಲೂರಿ ನಿಲ್ಲುವ ರೀತಿ ಬದಲಾದದ್ದನ್ನು ತರಬೇತುದಾರ ಕಾಂತಪ್ಪನವರು ಗಮನಿಸಿದರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು, ಹಾಸನದ ಕಡೆಯವರು. ಯಾರು ಕಲಿಸಿದ್ದು ಎಂದು ಕೇಳಿದರು. ಬಿಂದು ಹೇಳಿದಾಗ ಅವರು ನಗಲಿಲ್ಲ. ಪರೀಕ್ಷೆಯ ದಿನ ಅತ್ತೆಯವರನ್ನು ಕರೆದುಕೊಂಡು ಬಾ, ಆದರೆ ಯಾರಿಗೂ ಹೇಳಬೇಡ ಅಂದರು.

ಹಾಗಾಗಿ ಆ ಶನಿವಾರ ಮಾಧವರಂನ ಮೈದಾನಕ್ಕೆ ಸುಮಿತ್ರಮ್ಮ ಒಂದು ದೊಡ್ಡ ಚೀಲ ಹಿಡಿದು ಬಂದರು. ಹತ್ತು ಜನ ಅಭ್ಯರ್ಥಿಗಳು ಸಾಲಾಗಿ ಕಾವಲು ನಿಂತಿದ್ದರು. ತಿರುಮಲನ ಎದುರು ಬಂದಾಗ ಚೀಲ ಜಾರಿ, ನಿಂಬೆಹಣ್ಣುಗಳು ಮಣ್ಣಿನಲ್ಲಿ ಉರುಳಿದವು.

"ಇರುಂಗಮ್ಮಾ, ನಾನ್ ಎಡುತ್ತು ತರೇನ್," ಎಂದು ತಮಿಳಿನಲ್ಲಿ ಹೇಳಿ, ತಾನೇ ಹಣ್ಣು ಆರಿಸಿಕೊಡಲು ಅವನು ಪ್ರೀತಿಯಿಂದಲೇ ಬಗ್ಗಿದ. ನಾಲ್ಕು ಹಣ್ಣು ಆರಿಸಿ ಎದ್ದಾಗ ಅವನ ನೀಲಿ ಪಿಸ್ತೂಲು ಸುಮಿತ್ರಮ್ಮನ ಕೈಯಲ್ಲಿತ್ತು. ಇಡೀ ಸಾಲು ನಕ್ಕಿತು. ಕಾಂತಪ್ಪನವರು ಮಾತ್ರ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

ಬಿಂದುವಿನ ಸರದಿ ಬಂದಾಗ ಕಿತ್ತುಕೊಳ್ಳಲು ಬಂದವನು ಅದೇ ತಿರುಮಲ. ಅವಮಾನದ ಬಿಸಿಯಲ್ಲಿ ಪೂರ್ತಿ ಭಾರ ಹಾಕಿಯೇ ಬಂದ. ಸುಮಿತ್ರಮ್ಮನಿಗೆ ನೋಡಲಾಗಲಿಲ್ಲ, ಚೀಲದ ಹಿಡಿಕೆಯನ್ನೇ ನೋಡುತ್ತಾ ನಿಂತರು. ಧಪ್ ಎಂದು ಸದ್ದಾಯಿತು. ತಲೆ ಎತ್ತಿದರೆ ತಿರುಮಲ ಮಂಡಿಯೂರಿದ್ದ. ಬಿಂದು ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಪಿಸ್ತೂಲು ಎದೆಯ ಹತ್ತಿರ, ನಳಿಗೆ ನೆಲಕ್ಕೆ, ಬೆರಳು ನೆಟ್ಟಗೆ. ಮುಂಗುರುಳು ಮಾತ್ರ ಕೆದರಿತ್ತು.

"ಪಾಸು," ಅಂದರು ಕಾಂತಪ್ಪನವರು. ಆಮೇಲೆ ಸುಮಿತ್ರಮ್ಮನ ಕಡೆ ತಿರುಗಿ, "ಅಮ್ಮಾವ್ರೆ, ಬರೋ ತಿಂಗಳು ಹೊಸ ಬ್ಯಾಚು ಬರ್ತದೆ. ನೀವೂ ಬಂದ್ರೆ ಅನುಕೂಲ ಆಯ್ತದೆ," ಅಂದರು.

ವಾಪಸು ಬಸ್ಸಿಗೆ ಕಾಯುವಾಗ ಸುಮಿತ್ರಮ್ಮ ನಿಂಬೆಹಣ್ಣುಗಳ ಮಣ್ಣು ಒರೆಸುತ್ತಾ ನಿಂತಿದ್ದರು. ಹತ್ತು ದಿನ ಆಟವಾಗಿದ್ದದ್ದು ಸೋಮವಾರ ಸೊಸೆ ಕೆಲಸಕ್ಕೆ ಸೇರಿದ ಮೇಲೆ ಆಟವಲ್ಲ ಎಂಬುದು ಆಗಲೇ ಅವರಿಗೆ ಹೊಳೆದದ್ದು.

"ಬಿಂದು, ನಿಜವಾಗ್ಲೂ ಯಾವನಾದ್ರೂ ಮೇಲೆ ಬಂದ್ರೆ?"

"ಬಂದ್ರೆ ಡಾಕ್ಟರಮ್ಮನ್ನ ಕಾರಿಗೆ ಹತ್ತಿಸಿ ಅಲ್ಲಿಂದ ಹೊರಟುಬಿಡೋದೇ ಮೊದಲ ಕೆಲಸ ಅತ್ತೆ. ಪಿಸ್ತೂಲು ಒರೆಯಿಂದ ಆಚೆ ಬರದೆ ದಿನ ಕಳೆದ್ರೆ ಅದೇ ಒಳ್ಳೆ ಡ್ಯೂಟಿ."

ಸುಮಿತ್ರಮ್ಮ ಅದನ್ನು ಮನಸ್ಸಿನಲ್ಲಿ ಒಮ್ಮೆ ತೂಗಿ ನೋಡಿದರು. ಉಸಿರು ಹಗುರಾಯಿತು. ಸೊಸೆಯ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದರು.

"ಕಾಂತಪ್ಪನೋರಿಗೆ ಹೇಳು, ಪ್ರತಿ ಸೋಮವಾರ ನಾನು ಉಪವಾಸ, ಆಗಲ್ಲ. ಬೇರೆ ಯಾವ ದಿನ ಆದ್ರೂ ಹೊಸ ಬ್ಯಾಚಿಗೆ ಬರ್ತೀನಿ," ಎಂದು, ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದರು.